ಆಂಟಿ ಇಷ್ಟಾ ಮೀನಾ

ಗಂಡನ ಕಣ್ಣನ್ನು ವಾಸಿಮಾಡಿದ್ದು ತಾನೇ ಎಂಬ ಸಂಗತಿಯನ್ನು ಸಂಗಮ್ಮ ನಾಸಿಕದ ಪಂಚವಟಿಯಲ್ಲಿ ಯಾರಿಗೂ ಹೇಳದೆ ಬಿಟ್ಟಿರಲಿಲ್ಲ. ತರಕಾರಿಯವಳಿಗೆ ಹೇಳಿದ್ದಳು, ಹಾಲಿನವನಿಗೆ ಹೇಳಿದ್ದಳು, ರಾಮಕುಂಡಕ್ಕೆ ಸ್ನಾನಕ್ಕೆ ಬಂದ ರಾಜಸ್ಥಾನದ ಯಾತ್ರಿಕರನ್ನು ತಡೆದು ನಿಲ್ಲಿಸಿ ಹೇಳಿದ್ದಳು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಇವಳಿಗೆ ಅವರ ಮಾತು ಬರುತ್ತಿರಲಿಲ್ಲ. ಆದರೂ ಅವರು ತಲೆದೂಗಿ, ಕೈಮುಗಿದು, ಎರಡು ರೂಪಾಯಿ ದಕ್ಷಿಣೆ ಇಟ್ಟು ಹೋಗಿದ್ದರು. ಒಂದು ಹಿಡಿ ಕೊತ್ತಂಬರಿ ಬೀಜ, ಒಂದು ತಂಬಿಗೆ ನೀರು. ಕುದಿಸಿ, ಆರಿಸಿ, ಪಂಚೆಯ ಚುಂಗಿನಲ್ಲಿ ಸೋಸಿ ಕಣ್ಣಿಗೆ ಬಿಡುವುದು. ಭಾಲ್ಕಿಯ ಅವಳ ಅಜ್ಜಿ ಹೇಳಿಕೊಟ್ಟ ಔಷಧ ಇಷ್ಟೇ.

ಗಂಡ ಗುರುಲಿಂಗಪ್ಪನದು ಹಳೆಯ ಗೋಣಿಚೀಲದ ವ್ಯಾಪಾರ. ಈರುಳ್ಳಿ ತುಂಬಿ ಎಲ್ಲೆಲ್ಲಿಗೋ ಹೋಗಿಬಂದ ಚೀಲಗಳನ್ನು ಕೊಂಡು, ಝಾಡಿಸಿ, ಹರಿದದ್ದನ್ನು ಹೊಲಿಸಿ, ಚಾಂದವಡದ ಈರುಳ್ಳಿಯವರಿಗೆ ಮತ್ತೆ ಮಾರುವುದು. ಮೂವತ್ತೈದು ವರ್ಷ ಚೀಲ ಝಾಡಿಸಿದ ಮೇಲೆ ಅವನ ಕಣ್ಣು ಎಷ್ಟು ಕೆಂಪಗಾದವೆಂದರೆ, ದ್ವಾರಕಾ ಚೌಕದಲ್ಲಿ ಅವನು ಸುಮ್ಮನೆ ನಿಂತಿದ್ದರೂ ಸಿಗ್ನಲ್ ಬಿತ್ತೆಂದು ರಿಕ್ಷಾಗಳು ನಿಲ್ಲುತ್ತಿದ್ದವು. ತುರಿಕೆ ಬಂತೆಂದರೆ ಎರಡೂ ಮುಷ್ಟಿಯಿಂದ ರೊಟ್ಟಿ ಹಿಟ್ಟು ನಾದುವ ಹಾಗೆ ಕಣ್ಣು ನಾದುತ್ತಿದ್ದ.

ಒಮ್ಮೆ ಯಾರೋ ಔಷಧದಂಗಡಿಯವನು ಶೀತಕ್ಕೆ ಕೊಡುವ ಹಳದಿ ಗುಳಿಗೆ ಕೊಟ್ಟ. ತುರಿಕೆ ನಿಂತಿತು, ಜೊತೆಗೆ ಗುರುಲಿಂಗಪ್ಪನೂ ನಿಂತುಹೋದ. ಚೀಲದ ರಾಶಿಯ ಮೇಲೆ ಕೂತವನು ಕೂತಲ್ಲೇ ನಿದ್ದೆ. ಹಮಾಲರು ನೋಡದೆ ಚೀಲಗಳ ಜೊತೆ ಅವನನ್ನೂ ಕಟ್ಟಿ ಲಾರಿಗೆ ಎಸೆದರು. ಮಾಲೇಗಾಂವದಲ್ಲಿ ಇಳಿಸಿ ಎಣಿಸುವಾಗ ಒಂದು ಚೀಲ ಗೊರಕೆ ಹೊಡೆಯಿತು. ಆ ನೇಕಾರರ ಊರಿನ ಮಗ್ಗಗಳ ಅಷ್ಟು ಗದ್ದಲದಲ್ಲೂ ಆ ಗೊರಕೆ ಕೇಳಿಸಿತಂತೆ, ಮೂರು ಕಾರಖಾನೆಗಳವರು ಯಂತ್ರ ಕೆಟ್ಟಿತೆಂದು ಹೊರಗೆ ಓಡಿಬಂದರಂತೆ. ಆ ದಿನವೇ ಸಂಗಮ್ಮ ಇಂಗ್ಲಿಷ್ ಗುಳಿಗೆಗಳಿಗೆಲ್ಲ ಬಾಗಿಲು ಹಾಕಿ ಕೊತ್ತಂಬರಿ ನೀರು ಶುರುಮಾಡಿದಳು.

ತಿಂಗಳೊಪ್ಪತ್ತಿನಲ್ಲಿ ಕಣ್ಣು ತಿಳಿಯಾದವು. ಎರಡು ವರ್ಷ ತಿಳಿಯಾಗಿಯೇ ಇದ್ದವು. ಓಣಿಯಲ್ಲಿ ಸಂಗಮ್ಮನ ನಡಿಗೆ ಬದಲಾಯಿತು. ಕಣ್ಣಲ್ಲಿ ಕಸ ಬಿದ್ದವರು, ಕನ್ನಡಕ ಮರೆತವರು, ಪರೀಕ್ಷೆಯಲ್ಲಿ ನಪಾಸಾದವರು ಕೂಡ ಬಾಟಲಿ ಹಿಡಿದು ಅವಳ ಬಾಗಿಲಿಗೆ ಬರತೊಡಗಿದರು.

ಹೀಗಿರುವಾಗ, ಶಿವರಾತ್ರಿ ಮುಗಿದ ವಾರ, ಒಂದು ಸೋಮವಾರ ಮುಂಜಾನೆ ಗುರುಲಿಂಗಪ್ಪ ಫೋನು ಹಿಡಿದುಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ನಳ ಬಿಟ್ಟ. ನಲವತ್ತೊಂದು ವರ್ಷದ ಸಂಸಾರದಲ್ಲಿ ಸಂಗಮ್ಮ ಗಂಡ ಫೋನು ಹಿಡಿದು ಬಚ್ಚಲಿಗೆ ಹೋದದ್ದನ್ನು ನೋಡಿರಲಿಲ್ಲ. ಅವಳು ಕದಕ್ಕೆ ಕಿವಿ ಹಚ್ಚಿದಳು. ನೀರಿನ ಸಪ್ಪಳದ ನಡುವೆ ಗಂಡನ ದನಿ ತುಂಡುತುಂಡಾಗಿ ಬಂತು.

“ಹೌದ್ರಿ ಬಾಯಿ... ಆಂಟಿ ಇಷ್ಟಾ ಮೀನಾ ಇಲ್ದ ನಂಗ ಒಂದ್ ದಿನಾ ಆಗಲ್ಲ... ದಿನಾ ಎರಡ್ ಸಲಾ, ಮುಂಜಾನಿಗೊಮ್ಮಿ, ಮಲಗೂ ಮುಂದ ಒಮ್ಮಿ... ಏಳ್ ದಿನಾ ಪೂರಾ ಬಿಡಬೇಕಾ? ನನ್ನ ಗತಿ ಏನಾಗ್ತದ ಗೊತ್ತದೇನ್ರಿ ನಿಮಗ... ಆಯ್ತು, ಬರೋ ಸೋಮವಾರ ಸಂಭಾಜಿನಗರಕ್ಕ ಬರ್ತೀನಿ... ಇಲ್ರಿ, ಮನ್ಯಾಗ ಹೇಳಿಲ್ಲ. ಹೇಳಿದ್ರ ಅಕಿ ಜೀವಾ ಒಡೀತದ.”

ನಳ ನಿಂತಿತು. ಸಂಗಮ್ಮ ಅಡುಗೆಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಾಗಲಿಲ್ಲ. ಚಹಕ್ಕೆ ಸಕ್ಕರೆಯ ಬದಲು ರವೆ ಹಾಕಿದಳು. ಗುರುಲಿಂಗಪ್ಪ ಅದನ್ನು ಕುಡಿದ. ಚಹ ಇವತ್ತು ಗಟ್ಟಿ ಆಗಿದೆ, ಛಲೋ ಆಗಿದೆ ಎಂದ. ಹೀಗೆ ರವೆಯ ಚಹವನ್ನು ಹೊಗಳಬೇಕಾದರೆ ಗಂಡಸಿನ ಮನಸ್ಸು ಬೇರೆ ಊರಿನಲ್ಲಿರಬೇಕೆಂದು ಸಂಗಮ್ಮನಿಗೆ ಖಾತ್ರಿಯಾಯಿತು.

ಅವನು ಗೋಡೌನಿಗೆ ಹೋದದ್ದೇ ತಡ, ಮೇಲಿನ ಮನೆಯ ಕಸ್ತೂರಿಬಾಯಿಯ ಬಾಗಿಲು ಬಡಿದಳು. ಕಸ್ತೂರಿಬಾಯಿ ಕಲಬುರಗಿ ಕಡೆಯವಳು. ದಿನಕ್ಕೆ ಆರು ಧಾರಾವಾಹಿ ನೋಡುತ್ತಿದ್ದಳು, ಮೂರು ಮರಾಠಿ, ಎರಡು ಹಿಂದಿ, ಒಂದು ಕನ್ನಡ. ಸಂಸಾರ ಒಡೆಯುವ ವಿಷಯದಲ್ಲಿ ಇಡೀ ಪಂಚವಟಿಗೆ ಅವಳೇ ವಕೀಲ. ಎಲ್ಲವನ್ನೂ ಕೇಳಿ ಅವಳು ಪಾಟೀಸವಾಲು ಶುರುಮಾಡಿದಳು.

“ಆಂಟಿ ಅಂದ್ನಾ?”

“ಅಂದ್ನವ್ವ.”

“ಇಷ್ಟಾ ಅಂದ್ನಾ?”

“ಅದೂ ಅಂದ.”

“ಹೆಸರು ಮೀನಾ?”

“ಮೀನಾ.”

“ಮುಗೀತು ಬಿಡು. ಯಾರು, ಏನು, ಯಾಕ, ಮೂರೂ ಒಂದೇ ಉಸಿರಿನಾಗ ಹೇಳ್ಯಾನ. ಕೋರ್ಟಿನಾಗ ಇದಕ್ಕಿಂತ ಸಾಕ್ಷಿ ಬೇಕಾಗಲ್ಲ.”

ಸಂಗಮ್ಮನಿಗೆ ಒಂದೇ ಅನುಮಾನ ಉಳಿದಿತ್ತು. ಗಂಡನಿಗೆ ಅರವತ್ನಾಲ್ಕು. ಅವನು ಆಂಟಿ ಎನ್ನಬೇಕಾದರೆ ಆ ಮೀನಾಗೆ ಕಡಿಮೆಯೆಂದರೂ ಎಂಬತ್ತೈದು ಆಗಿರಬೇಕಲ್ಲ? ಕಸ್ತೂರಿಬಾಯಿ ಹಣೆ ಚಚ್ಚಿಕೊಂಡಳು. ಈಗಿನ ಕಾಲದಲ್ಲಿ ಮೂವತ್ತು ದಾಟಿದರೆ ಆಂಟಿ ಎನ್ನುತ್ತಾರೆ, ತನಗೇ ಮೊನ್ನೆ ತಲೆ ಪೂರಾ ಬೆಳ್ಳಗಾದ ರಿಕ್ಷಾದವನೊಬ್ಬ ಆಂಟಿ ಎಂದ ಎಂದಳು. ಆಮೇಲೆ ಇಬ್ಬರೂ ಸೇರಿ ಮೀನಾಳಿಗೆ ಒಂದು ರೂಪ ಕೊಟ್ಟರು. ಸಂಜೆಯ ಹೊತ್ತಿಗೆ ಮೀನಾಳಿಗೆ ನಲವತ್ತು ವರ್ಷ, ಗುಂಗುರು ಕೂದಲು, ಎರಡು ಮಹಡಿ ಮನೆ ಮತ್ತು ಒಂದು ಬಿಳಿ ಪೊಮೆರೇನಿಯನ್ ನಾಯಿ ಆಗಿತ್ತು.

ಮಂಗಳವಾರ ಗುರುಲಿಂಗಪ್ಪನ ಕಣ್ಣು ಕೆಂಪಗಾದವು. ಬುಧವಾರ ನೀರು ಶುರುವಾಯಿತು. ಗುರುವಾರ ಅದು ನೀರಲ್ಲ, ಧಾರೆ. ಊಟಕ್ಕೆ ಕೂತರೆ ಗಂಗಾಳದಲ್ಲಿ ಸಾರು ಮುಗಿಯುತ್ತಲೇ ಇರಲಿಲ್ಲ, ಉಪ್ಪಂತೂ ಹಾಕುವುದೇ ಬೇಕಾಗಲಿಲ್ಲ. ಮುಂಜಾನೆ ಅಂಗಳದಲ್ಲಿ ಕೂತರೆ ಗುಬ್ಬಿಗಳು ಅವನ ಪಾದದ ಹತ್ತಿರ ಬಂದು ಸ್ನಾನ ಮಾಡಿಹೋಗುತ್ತಿದ್ದವು. ಶುಕ್ರವಾರ ಗೋದಾವರಿಯ ನೀರು ರಾಮಕುಂಡದಲ್ಲಿ ಒಂದು ಮೆಟ್ಟಿಲು ಏರಿತು. ಮೇಲಿನ ಅಣೆಕಟ್ಟಿನಿಂದ ಬಿಟ್ಟಿದ್ದಾರೆಂದು ಜನ ಅಂದರು. ಸಂಗಮ್ಮನಿಗೆ ಮಾತ್ರ ನಿಜ ಗೊತ್ತಿತ್ತು.

ಕೇಳಿದರೆ ಅವನು ಧೂಳು ಎನ್ನುತ್ತಿದ್ದ. ಅವಳು ಕೊತ್ತಂಬರಿ ನೀರಿನ ತಂಬಿಗೆ ತಂದರೆ, ಆಮೇಲೆ ಆಮೇಲೆ ಎಂದು ಹಿತ್ತಲಿನ ಬಾಗಿಲಿನಿಂದ ಓಡುತ್ತಿದ್ದ.

ಸಂಗಮ್ಮನಿಗೆ ಸಿಟ್ಟಿಗಿಂತ ಹೆಚ್ಚಾಗಿ ಬೇರೆ ಏನೋ ಎದೆಯಲ್ಲಿ ಚುಚ್ಚುತ್ತಿತ್ತು. ಈ ಮನುಷ್ಯ ಭಾಲ್ಕಿ ಬಿಟ್ಟು ಬರುವಾಗ ಅತ್ತಿರಲಿಲ್ಲ. ಗೋಡೌನಿಗೆ ಬೆಂಕಿ ಬಿದ್ದಾಗ ಅತ್ತಿರಲಿಲ್ಲ. ತನಗೆ ಟೈಫಾಯಿಡ್ ಆಗಿ ಹದಿನೆಂಟು ದಿನ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಒಂದು ಹನಿ ಹಾಕಿರಲಿಲ್ಲ, ಬರೀ ಮೋಸಂಬಿ ಸುಲಿಸುಲಿದು ಕೊಟ್ಟಿದ್ದ. ಇವತ್ತು ಏಳು ದಿನ ಅವಳನ್ನು ಬಿಟ್ಟಿರಲಾಗದೆ ಹೀಗೆ ಸುರಿಸುತ್ತಿದ್ದಾನೆ. ತಾನು ಮನೆಯಲ್ಲಿಲ್ಲದೆ ಹೋದರೆ ಒಂದು ಹನಿಯಾದರೂ ತನಗಾಗಿ ಬರುತ್ತದೆಯೇ? ಇದೊಂದು ಗೊತ್ತಾಗದೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ಶನಿವಾರ ಅವಳು ಹೋರಾಡಿಯೇ ಬಿಡುವುದೆಂದು ನಿಶ್ಚಯಿಸಿದಳು. ಟ್ರಂಕಿನಿಂದ ಮಗಳ ಮದುವೆಯ ಹಸಿರು ಇಳಕಲ್ ಸೀರೆ ತೆಗೆದು ಉಟ್ಟಳು. ಪೌಡರು ಹಚ್ಚಿಕೊಂಡಳು. ಮೂಗುತಿಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಹೊಳೆಯಿಸಿದಳು. ಮುಡಿಯ ತುಂಬ ಅಬೋಲಿ ಹೂವು. ಹೀಗೆ ಸಿಂಗರಿಸಿಕೊಂಡು ಗಂಡನ ಎದುರಿಗೆ ಹೋಗಿ ನಿಂತಳು. ಗುರುಲಿಂಗಪ್ಪ ಊದಿದ ರೆಪ್ಪೆಗಳನ್ನು ಕಷ್ಟಪಟ್ಟು ತೆರೆದ. ಅವನಿಗೆ ಕಂಡದ್ದು ಒಂದು ಹಸಿರು ಮೋಡ.

“ಯಾರು, ಕಸ್ತೂರಿಬಾಯಿ ಏನ್ರಿ?” ಎಂದ. “ಸಂಗಮ್ಮ ಒಳಗ ಇದ್ದಾಳ ನೋಡ್ರಿ.”

ಸೋಮವಾರ ಬೆಳಿಗ್ಗೆ ಅವನು ಚೀಲದ ಬಾಕಿ ವಿಚಾರಿಸಲು ಚಾಂದವಡಕ್ಕೆ ಹೋಗಿಬರುತ್ತೇನೆಂದು ಹೊರಟ. ಅವನ ಹಿಂದೆ ಸಂಗಮ್ಮ, ಸಂಗಮ್ಮನ ಹಿಂದೆ ಕಸ್ತೂರಿಬಾಯಿ. ಗುರುತು ಸಿಗಬಾರದೆಂದು ಕಸ್ತೂರಿಬಾಯಿ ಭಾರಿ ಏರ್ಪಾಡು ಮಾಡಿದ್ದಳು. ಅವಳ ಗಂಡ ಸಾತಪೂರದ ಕಾರಖಾನೆಯಲ್ಲಿ ವೆಲ್ಡರ್ ಆಗಿದ್ದವನು. ಅವನ ಎರಡು ವೆಲ್ಡಿಂಗ್ ಕನ್ನಡಕ ಮನೆಯಲ್ಲಿ ಬಿದ್ದಿದ್ದವು. ಇಬ್ಬರೂ ಒಂದೊಂದು ಹಾಕಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ನಾಸಿಕ್ ರೋಡ್ ಸ್ಟೇಷನ್ನಿನಲ್ಲಿ ಗಾಡಿ ಹತ್ತಿದರು. ಆ ಕನ್ನಡಕದಲ್ಲಿ ಸೂರ್ಯನೇ ಕಾಣುವುದು ಕಷ್ಟ, ಕೆಳಗಿನ ಸಂದಿನಿಂದ ಇಣುಕಿದರೆ ಮಾತ್ರ ಅಷ್ಟಿಷ್ಟು ಕಾಣುತ್ತಿತ್ತು. ಸಂಗಮ್ಮ ಒಂದು ಕಂಬಕ್ಕೆ ಕ್ಷಮೆ ಕೇಳಿದಳು. ಕಸ್ತೂರಿಬಾಯಿ ಟಿಕೆಟ್ ತಪಾಸಣೆಯವನ ತೊಡೆಯ ಮೇಲೆ ಕೂತಳು. ಬೋಗಿಯವರೆಲ್ಲ ಇವರು ಎರಡೂ ಕಣ್ಣು ಕಳೆದುಕೊಂಡ ಅಕ್ಕತಂಗಿಯರೆಂದು ತಿಳಿದು ಕಿಟಕಿಯ ಸೀಟು ಬಿಟ್ಟುಕೊಟ್ಟರು.

ಮನ್ಮಾಡದಲ್ಲಿ ಗಾಡಿ ಬದಲಿಸಬೇಕಿತ್ತು. ಚಾಂದವಡಕ್ಕೆ ಹೋಗುವವನು ಮನ್ಮಾಡಕ್ಕೆ ಯಾಕೆ ಬಂದ ಎಂದು ಸಂಗಮ್ಮ ಹಲ್ಲು ಕಡಿಯುತ್ತಿರುವಾಗಲೇ, ಪ್ಲಾಟ್‌ಫಾರ್ಮಿನ ಜನಜಂಗುಳಿಯಲ್ಲಿ ಗುರುಲಿಂಗಪ್ಪ ಕಣ್ಣುಜ್ಜುತ್ತಾ ನೇರವಾಗಿ ಅವಳ ಹತ್ತಿರವೇ ಬಂದ. ಬಂದು, ಸಂಭಾಜಿನಗರದ ಗಾಡಿ ಎಲ್ಲಿ ನಿಲ್ಲುತ್ತದೆ ತಾಯಿ ಎಂದು ತನ್ನ ಸ್ವಂತ ಹೆಂಡತಿಯನ್ನು ಮರಾಠಿಯಲ್ಲಿ ಕೇಳಿದ.

ಸಂಗಮ್ಮ ಮೂಗಿನ ದನಿಯಲ್ಲಿ, ತನಗೆ ಬರುವ ಅರ್ಧ ಮರಾಠಿಯಲ್ಲಿ, ತಾನೂ ಅಲ್ಲಿಗೇ ಹೋಗುವವಳು ಎಂದಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ಅವನು ಅಳುತ್ತಿದ್ದ. ಯಾಕಪ್ಪ ಅಳುತ್ತೀ ಎಂದು ಅವಳು ಕೇಳಿಯೇ ಬಿಟ್ಟಳು. ಏಳು ದಿನವಾಯಿತು ತಾಯಿ, ಪೂರಾ ಬಿಟ್ಟಿದ್ದೇನೆ, ಇನ್ನು ತಡೆಯಲು ಆಗುವುದಿಲ್ಲ ಎಂದ. ಮನೆಯಲ್ಲಿ ಹೆಂಡತಿಗೆ ಗೊತ್ತೇ ಎಂದಳು. ಅವನು ಬಹಳ ಹೊತ್ತು ಮೂಗು ಒರೆಸಿಕೊಂಡ. ಹೆಂಡತಿ ದೇವರಂಥವಳು, ಎರಡು ವರ್ಷದಿಂದ ಅವಳಿಗೆ ಸುಳ್ಳು ಹೇಳುತ್ತಿದ್ದೇನೆ, ಹೇಳುವ ಧೈರ್ಯ ಇಲ್ಲ ಎಂದ.

ಸಂಗಮ್ಮನ ವೆಲ್ಡಿಂಗ್ ಕನ್ನಡಕದೊಳಗೆ ಮಂಜು ಕವಿಯಿತು. ನಲವತ್ತೊಂದು ವರ್ಷದಲ್ಲಿ ತನ್ನ ಬಗ್ಗೆ ಇಂಥ ಮಾತು ಅವಳು ಕೇಳಿರಲಿಲ್ಲ. ಕೇಳುವುದಕ್ಕೆ ಪರಸ್ತ್ರೀಯಾಗಿ ಮನ್ಮಾಡಕ್ಕೆ ಬರಬೇಕಾಯಿತು. ಪಕ್ಕದಿಂದ ಕಸ್ತೂರಿಬಾಯಿ ಅವಳ ಪಕ್ಕೆ ತಿವಿದು ಪಿಸುಗುಟ್ಟಿದಳು: “ಮೆತ್ತಗಾಗಬ್ಯಾಡ. ತಪ್ಪು ಮಾಡಿದವರೇ ಹಿಂಗ ಹೊಗಳತಾರ. ಆರೂ ಸೀರಿಯಲ್ಲಿನಾಗ ಇದೇ ಆಗ್ಯಾದ.”

ಸಂಭಾಜಿನಗರದಲ್ಲಿ ಇಳಿದು ಅವನ ರಿಕ್ಷಾದ ಹಿಂದೆ ಇವರ ರಿಕ್ಷಾ. ಗುಲ್ಮಂಡಿಯ ಹತ್ತಿರ ಒಂದು ಓಣಿಯಲ್ಲಿ ಅವನು ಇಳಿದು ಎರಡು ಮಹಡಿಯ ಮನೆಯೊಂದರ ಒಳಗೆ ಹೋದ. ಎರಡು ಮಹಡಿ. ಕಸ್ತೂರಿಬಾಯಿ ಸಂಗಮ್ಮನ ಕೈ ಹಿಚುಕಿದಳು. ಬಾಗಿಲಲ್ಲಿ ಬಿಳಿ ನಾಯಿಯೊಂದು ಮಲಗಿತ್ತು. ಪೊಮೆರೇನಿಯನ್ ಅಲ್ಲ, ಬೀದಿಯದು, ಆದರೆ ಬಿಳಿಯದಂತೂ ಹೌದು. ಬಾಗಿಲ ಮೇಲೆ ಬೋರ್ಡು ಇತ್ತು. ಓದಬೇಕೆಂದರೆ ಕನ್ನಡಕ ತೆಗೆಯಬೇಕು, ಅಷ್ಟು ತಾಳ್ಮೆ ಯಾರಿಗಿದೆ? ಸಂಗಮ್ಮ ಸೆರಗು ಸಿಕ್ಕಿಸಿ ಒಳಗೆ ನುಗ್ಗಿದಳು.

ಒಳಗೆ ಕಂಡದ್ದನ್ನು ಯಾವ ಹೆಂಡತಿಯೂ ಕಾಣಬಾರದು. ಗುರುಲಿಂಗಪ್ಪ ಅಂಗಿಯ ತೋಳು ಮಡಚಿ ಕುರ್ಚಿಯಲ್ಲಿ ಕೂತಿದ್ದ. ಮೂವತ್ತೈದರ ಒಬ್ಬ ಹೆಂಗಸು ಅವನ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಮುಂಗೈಯ ಮೇಲೆ ಪೆನ್ನಿನಿಂದ ಏನೋ ಬರೆಯುತ್ತಿದ್ದಳು. ಅವನು ಕಣ್ಣೀರು ಸುರಿಸುತ್ತಾ ಅವಳಿಗೆ ಹೇಳುತ್ತಿದ್ದ, ಏಳು ದಿನ ಆಂಟಿ ಇಷ್ಟಾ ಮೀನಾ ಇಲ್ಲದೆ ಹೇಗಿದ್ದೆನೋ ನನ್ನ ಜೀವಕ್ಕೇ ಗೊತ್ತು ಎಂದು.

ಸಂಗಮ್ಮ ಕನ್ನಡಕ ಕಿತ್ತು ಎಸೆದಳು.

“ನೀನೇ ಏನವ್ವ ಮೀನಾ?”

ಹೆಂಗಸು ಗಾಬರಿಯಾದಳು. “ನಾನು ಜಲಜಾಕ್ಷಿ ಮಾರಾಯ್ರೆ. ಇಲ್ಲಿ ನರ್ಸ್.”

“ಹಂಗಾದ್ರ ಮೀನಾ ಎಲ್ಲಿ? ಹೊರಗ ಕರಿ ಅಕೀನ. ನಲವತ್ತೊಂದು ವರ್ಷ ರೊಟ್ಟಿ ಬಡದೀನಿ ಈ ಮನುಷ್ಯಾಗ. ಅಕಿ ಎಷ್ಟು ಬಡದಾಳ ಕೇಳ್ತೀನಿ.”

ಗುರುಲಿಂಗಪ್ಪ ಕಣ್ಣು ಬಿಡಲಾಗದಿದ್ದರೂ ದನಿ ಗುರುತು ಹಿಡಿದ. ಎದ್ದು ನಿಂತ. ಎದ್ದವನು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ತೂಕದ ಯಂತ್ರದ ಮೇಲೆ ಹತ್ತಿದ. ಒಳಗಿನ ಕೋಣೆಯಿಂದ ಡಾಕ್ಟರ್ ಅತುಲ್ ಓಡಿಬಂದರು. ಅವರು ಅಲರ್ಜಿಯ ಡಾಕ್ಟರು, ಮರಾಠಿಯವರು. ಏನಾಯಿತೆಂದು ಕಾರ್ಕಳದ ಜಲಜಾಕ್ಷಿ ಅವರಿಗೆ ಮರಾಠಿಯಲ್ಲಿ ತಿಳಿಸಲು ಹೋಗಿ, ಅರ್ಧಕ್ಕೆ ನಗು ತಡೆಯಲಾಗದೆ ಗೋಡೆಗೆ ಆತುಕೊಂಡಳು. ಅವಳ ಬಾಯಿಂದ ಆಂಟಿ ಎಂದೊಮ್ಮೆ, ಮೀನಾ ಎಂದೊಮ್ಮೆ ಬಂತು. ಡಾಕ್ಟರು ಕ್ಷಣ ಯೋಚಿಸಿದರು. ಆಮೇಲೆ ಅವರೂ ಕುರ್ಚಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡರು. ಅದು ಹೆಂಗಸಲ್ಲ, ಔಷಧ ಎಂದು ಹೇಳುವಷ್ಟು ಉಸಿರು ಅವರಿಗೆ ಮರಳಿ ಬರಲು ಐದು ನಿಮಿಷ ಹಿಡಿಯಿತು.

ಸಂಗಮ್ಮ ನಂಬಲಿಲ್ಲ. ಔಷಧಕ್ಕೆ ಯಾರಾದರೂ ಆಂಟಿ ಎನ್ನುತ್ತಾರೆಯೇ?

ಆಗ ಡಾಕ್ಟರು ನೆಟ್ಟಗೆ ಕೂತು ಅವಳಿಗೆ ತಿಳಿಸಿಹೇಳಿದರು, ಜಲಜಾಕ್ಷಿ ಕನ್ನಡ ಮಾಡಿದಳು. ಕಣ್ಣಿನ ರೆಪ್ಪೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಿವೆ. ನಿಮ್ಮ ಯಜಮಾನರ ಗೋಡೌನಿನ ಹಾಗೆ, ಒಂದರ ಮೇಲೊಂದು ಥಪ್ಪಿ ಹಾಕಿಟ್ಟ ಚೀಲಗಳು. ಅವುಗಳಲ್ಲಿ ಹಿಸ್ಟಮಿನ್ ಎಂಬುದೊಂದು ತುಂಬಿದೆ. ಧೂಳೋ, ಹೂವಿನ ಪರಾಗವೋ ಬಂದು ಬಿತ್ತೆಂದರೆ ಆ ಚೀಲಗಳ ಹೊಲಿಗೆ ಹರಿಯುತ್ತದೆ. ಹಿಸ್ಟಮಿನ್ ಹೊರಗೆ ಚೆಲ್ಲಿ, ಮನೆಮನೆಯ ಬಾಗಿಲು ಬಡಿದು ದಾಂಧಲೆ ಮಾಡುತ್ತದೆ. ಆಗ ತುರಿಕೆ, ಕೆಂಪು, ಊತ, ನೀರು. ಆಂಟಿ ಅಂದರೆ ಎದುರಾಳಿ. ಆಂಟಿಹಿಸ್ಟಮಿನ್ ಔಷಧ ಆ ಬಾಗಿಲುಗಳಲ್ಲಿ ಮೊದಲೇ ಹೋಗಿ ಕೂತುಬಿಡುತ್ತದೆ. ಹಿಸ್ಟಮಿನ್ ಬಂದು ನೋಡಿದರೆ ಕೂರಲು ಜಾಗವಿಲ್ಲ. ಈಗಿನ ಕೆಲವು ಹನಿಗಳು ಬಾಗಿಲೂ ಕಾಯುತ್ತವೆ, ಚೀಲದ ಹೊಲಿಗೆಯನ್ನೂ ಬಿಗಿಮಾಡುತ್ತವೆ. ನಿದ್ದೆ ತರುವ ಹಳೆಯ ಗುಳಿಗೆಗಳ ಹಾಗಲ್ಲ.

“ಅಂದ್ರ ಮೀನಾ ಕೆಟ್ಟಾಕಿ,” ಎಂದಳು ಸಂಗಮ್ಮ ನಿಧಾನವಾಗಿ. “ಆಂಟಿ ಒಳ್ಳ್ಯಾಕಿ.”

ಡಾಕ್ಟರು ಅದನ್ನು ಮರಾಠಿಯಲ್ಲಿ ಕೇಳಿಸಿಕೊಂಡು, ಇಪ್ಪತ್ತು ವರ್ಷದ ಡಾಕ್ಟರಿಕೆಯಲ್ಲಿ ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ ಎಂದರು.

ಆದರೂ ಅವಳಿಗೆ ರುಜುವಾತು ಬೇಕಿತ್ತು. ಒಳ್ಳೆಯವಳಾದರೆ ಏಳು ದಿನ ಯಾಕೆ ಬಿಡಿಸಿದಿರಿ ಎಂದಳು. ಜಲಜಾಕ್ಷಿ ಕೈಯ ಮೇಲೆ ಬರೆದ ಅಂಕಿಗಳನ್ನು ತೋರಿಸಿದಳು. ಯಾವುದು ಇವರ ಕಣ್ಣಿಗೆ ಆಗುವುದಿಲ್ಲ ಎಂದು ಪತ್ತೆಮಾಡಲು ಒಂದೊಂದು ಅಂಕಿಯ ಹತ್ತಿರ ಒಂದೊಂದು ವಸ್ತುವಿನ ಹನಿ ಇಟ್ಟು ಸೂಜಿಯಿಂದ ಚುಚ್ಚುತ್ತಾರೆ. ಆಗದೆ ಇರುವ ಜಾಗದಲ್ಲಿ ಗುಳ್ಳೆ ಏಳುತ್ತದೆ. ಮೈಯಲ್ಲಿ ಆಂಟಿಹಿಸ್ಟಮಿನ್ ಇದ್ದರೆ ಅದು ಗುಳ್ಳೆ ಏಳಗೊಡುವುದಿಲ್ಲ, ಕಳ್ಳ ಸಿಗುವುದಿಲ್ಲ. ಅದಕ್ಕೇ ಏಳು ದಿನ ರಜೆ. ಪರೀಕ್ಷೆ ಸರಿಯಿದೆಯೇ ಎಂದು ನೋಡಲು ಒಂದು ಕಡೆ ಹಿಸ್ಟಮಿನ್ನನ್ನೇ ಚುಚ್ಚುತ್ತಾರೆ.

“ನಂಗೂ ಚುಚ್ಚು,” ಎಂದು ಸಂಗಮ್ಮ ಬಳೆ ಹಿಂದಕ್ಕೆ ಸರಿಸಿದಳು. “ಅಕಿ ಮಾರಿ ನಾನೂ ನೋಡ್ತೀನಿ.”

ಡಾಕ್ಟರು ನಕ್ಕು ತಲೆಯಾಡಿಸಿದರು. ಗಂಡನ ಕೈಗೆ ಹದಿನಾರು, ಹೆಂಡತಿಯ ಕೈಗೆ ಒಂದು. ಇಬ್ಬರೂ ಪಕ್ಕಪಕ್ಕ ಕೈ ಚಾಚಿ ಕೂತರು. ಹತ್ತು ನಿಮಿಷದಲ್ಲಿ ಸಂಗಮ್ಮನ ಮುಂಗೈಯಲ್ಲಿ ಅವರೆಕಾಳಿನಷ್ಟು ಗುಳ್ಳೆ ಎದ್ದಿತು, ಸುತ್ತ ಕೆಂಪು. ಎಂಥ ತುರಿಕೆಯೆಂದರೆ ಅವಳು ಕುರ್ಚಿಯಲ್ಲೇ ಮೂರು ಸುತ್ತು ತಿರುಗಿದಳು, ತಿರುಗುವ ಕುರ್ಚಿಯಲ್ಲ ಅದು. ಕೆರೆಯಬಾರದೆಂದು ಜಲಜಾಕ್ಷಿ ಅವಳ ಇನ್ನೊಂದು ಕೈ ಹಿಡಿದುಕೊಂಡಳು.

“ಅಯ್ಯಯ್ಯ,” ಎಂದಳು ಸಂಗಮ್ಮ, “ಇಷ್ಟೇ ಇಷ್ಟಕ್ಕ ಹಿಂಗಾದ್ರ, ಎರಡೂ ಕಣ್ಣಾಗ ತುಂಬ್ಕೊಂಡು ಈ ಮನುಷ್ಯ ಹೆಂಗ ಬಾಳ್ವಿ ಮಾಡ್ಯಾನ?”

ಗುರುಲಿಂಗಪ್ಪನ ಕೈಯಲ್ಲಿ ಹಿಸ್ಟಮಿನ್ನಿನ ಗುಳ್ಳೆಯ ಜೊತೆ ಇನ್ನೆರಡು ಎದ್ದವು. ಕಾಂಗ್ರೆಸ್ ಹುಲ್ಲಿನದು ನಿಂಬೆಹಣ್ಣಿನಷ್ಟು. ಹಳೆಯ ಧೂಳಿನಲ್ಲಿರುವ ಸಣ್ಣ ನುಸಿಯದು ಎಷ್ಟು ದೊಡ್ಡದಾಯಿತೆಂದರೆ, ಅಳತೆಯ ಪಟ್ಟಿ ಸಾಲದೆ ಜಲಜಾಕ್ಷಿ ಪಕ್ಕದ ದರ್ಜಿಯಿಂದ ಟೇಪು ತರಿಸಿದಳಂತೆ. ಮಧ್ಯಾಹ್ನ ಚೀಲದ ರಾಶಿಯ ಮೇಲೆ ಮಲಗುವ ಅಭ್ಯಾಸ ಇದೆಯೇ ಎಂದು ಡಾಕ್ಟರು ಕೇಳಿದರು. ಮೂವತ್ತೈದು ವರ್ಷದಿಂದ ಇದೆ ಎಂದ ಅವನು. ಇವತ್ತಿನಿಂದ ಇಲ್ಲ ಎಂದಳು ಸಂಗಮ್ಮ.

ಆಮೇಲೆ ಅವಳು ಕೇಳಬೇಕಾದದ್ದನ್ನು ಕೇಳಿದಳು, ಡಾಕ್ಟರನ್ನಲ್ಲ, ಗಂಡನನ್ನು.

“ಔಷಧ ಅಂತ ಹೇಳ್ಬೇಕಿತ್ತಲ್ಲ. ಬಚ್ಚಲದಾಗ ಯಾಕ ಅಡಗಿದ್ರಿ?”

ಗುರುಲಿಂಗಪ್ಪ ತನ್ನ ಕೈಯ ಅಂಕಿಗಳನ್ನು ನೋಡುತ್ತಾ ಬಾಯಿಬಿಟ್ಟ.

“ನಿನ್ನ ಕೊತ್ತಂಬ್ರಿ ನೀರಿಂದ ಏನೂ ಆಗಿರಲಿಲ್ಲ ಸಂಗೀ. ತಿಂಗಳ ನೋಡಿ ಇಲ್ಲಿಗಿ ಬಂದೆ. ಹನಿ ಹಾಕಿದ್ರು, ಕಣ್ಣು ತಿಳಿ ಆದ್ವು. ಮನಿಗಿ ಬಂದ್ರ ನೀ ಓಣಿ ತುಂಬ ಪೇಡೆ ಹಂಚಿದ್ದಿ. ನಿನ್ನ ಮಾರಿ ಮ್ಯಾಲ ಅಂಥಾ ಬೆಳಕು ನಾ ಎಂದೂ ನೋಡಿದ್ದಿಲ್ಲ. ಅದನ್ನ ಆರಸ್ಲಿಕ್ಕ ನನ್ನ ಕೈಲಿ ಆಗ್ಲಿಲ್ಲ.”

ಸಂಗಮ್ಮ ಲೆಕ್ಕ ಹಾಕಿದಳು. ಎರಡು ವರ್ಷ ಈ ಮನುಷ್ಯ ದಿನಾ ಮುಂಜಾನೆ ತನ್ನ ಕೊತ್ತಂಬರಿ ನೀರಿಗೆ ಕಣ್ಣು ಒಡ್ಡಿ, ಆಮೇಲೆ ಬಚ್ಚಲಿಗೆ ಹೋಗಿ ತೊಳೆದುಕೊಂಡು, ಕದ್ದು ಹನಿ ಹಾಕಿಕೊಂಡಿದ್ದ. ತನ್ನ ಹೆಸರು ಉಳಿಯಲೆಂದು. ಅವಳ ಕಣ್ಣಿನಿಂದ ಒಂದು ಹನಿ ಇಳಿಯಿತು. ಡಾಕ್ಟರು ಟಾರ್ಚು ತೆಗೆದುಕೊಂಡು, ಇವರಿಗೂ ಅಲರ್ಜಿಯೇ ಎಂದು ಬಗ್ಗಿ ನೋಡಿದರು. ಇದು ಆ ಜಾತಿಯದಲ್ಲ ಎಂದಳು ಜಲಜಾಕ್ಷಿ.

ಹೊರಡುವ ಮುಂಚೆ ಡಾಕ್ಟರು ಎಚ್ಚರಿಕೆಯ ಮಾತುಗಳನ್ನು ಅವಳಿಗೇ ಒಪ್ಪಿಸಿದರು. ಮನೆಯಲ್ಲಿ ಕುದಿಸಿದ್ದು ಯಾವುದೂ ಕಣ್ಣೊಳಗೆ ಬೇಡ, ತಣ್ಣೀರಿನ ಬಟ್ಟೆ ಮೇಲಿಟ್ಟರೆ ಸಾಕು. ಕೆರೆದಷ್ಟೂ ಚೀಲಗಳು ಹರಿಯುತ್ತವೆ. ಹನಿ ಹಾಕಿದ ಕೆಲವೇ ನಿಮಿಷದಲ್ಲಿ ತುರಿಕೆ ಇಳಿಯುತ್ತದೆ, ಕೆಂಪು ನಿಧಾನ. ರೆಪ್ಪೆಯೊಳಗಿನ ಊತ ಹಿಸ್ಟಮಿನ್ನಿನ ಹಿಂದಿನಿಂದ ಬಂದು ಠಿಕಾಣಿ ಹೂಡಿದ ಬೇರೆ ಜನರದು, ಅಂದರೆ ರಕ್ತದ ಕಣಗಳದು. ಅವರನ್ನು ಆಂಟಿ ಒಬ್ಬಳೇ ಎಬ್ಬಿಸಲಾರಳು, ವಾರಗಟ್ಟಲೆ ಹಿಡಿಯುತ್ತದೆ. ಬೇಕಾದರೆ ಬೇರೆ ಹನಿ ನಾವೇ ಕೊಡುತ್ತೇವೆ. ಬೇಗ ಆಗಲೆಂದು ಅಂಗಡಿಯಿಂದ ಸ್ಟೆರಾಯ್ಡ್ ಹನಿ ನೀವಾಗಿ ತಂದು ಹಾಕಿದರೆ ಕಣ್ಣಿಗೇ ಕುತ್ತು. ಸಂಗಮ್ಮ ಎಲ್ಲಕ್ಕೂ ತಲೆದೂಗಿದಳು. ಹನಿ ಹಾಕುವ ರೀತಿಯನ್ನು ಜಲಜಾಕ್ಷಿಯಿಂದ ಮೂರು ಸಲ ಕೇಳಿ ಕಲಿತಳು.

ಸಂಜೆ ಸ್ಟೇಷನ್ನಿನಲ್ಲಿ ಗಾಡಿ ಬರಲು ಇನ್ನೂ ಹೊತ್ತಿತ್ತು. ಮೀನಾ ಇಲ್ಲವೆಂದು ತಿಳಿದು ಬೇಸರಗೊಂಡಿದ್ದ ಕಸ್ತೂರಿಬಾಯಿ ಪೇರಲಹಣ್ಣಿನ ಗಾಡಿಯವನ ಜೊತೆ ಜಗಳವಾಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದಳು. ಸಂಗಮ್ಮ ಕೈ ತೊಳೆದುಕೊಂಡು ಬಂದು, ಗಂಡನನ್ನು ಬೆಂಚಿನ ಮೇಲೆ ಕೂರಿಸಿ, ಅವನ ತಲೆಯನ್ನು ಹಿಂದಕ್ಕೆ ಬಾಗಿಸಿದಳು. ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಎಳೆದು, ಎಡಕ್ಕೊಂದು ಬಲಕ್ಕೊಂದು ಬಿಟ್ಟಳು. ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಒತ್ತಿಹಿಡಿದು ಅರವತ್ತು ಎಣಿಸಿದಳು. ನಲವತ್ತರ ನಂತರ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರುಮಾಡಿದಳು.

ಸ್ವಲ್ಪ ಹೊತ್ತಿಗೆ ಅವನ ಕೈಗಳು ಕಣ್ಣುಜ್ಜುವುದನ್ನು ಮರೆತು ತೊಡೆಯ ಮೇಲೆ ಸುಮ್ಮನೆ ಬಿದ್ದವು. ಕಣ್ಣು ತೆರೆದ. ಮೇಲೆ ಹೆಂಡತಿಯ ಮುಖ ಒಂದು ಗೇಣು ದೂರದಲ್ಲಿತ್ತು.

“ಸಂಗೀ, ಗದ್ದದ ಮ್ಯಾಲ ಈ ಮಚ್ಚಿ ಯಾವಾಗ ಬಂತು?”

“ಹುಟ್ಟಿದಾಗಿಂದ ಅದ. ನಲವತ್ತೊಂದು ವರ್ಷ ನಿಮ್ಮ ಮನ್ಯಾಗೇ ಅದ.”

ಅವನು ಇನ್ನೂ ಹತ್ತಿರದಿಂದ ನೋಡಿದ.

“ಛಲೋ ಕಾಣ್ತದ.”

ಸಂಗಮ್ಮನಿಗೆ ನಗು ಬಂತು. ಸಣ್ಣದಾಗಿ ಬಂದದ್ದು ನಿಲ್ಲಲೇ ಇಲ್ಲ, ಬೆಂಚು ನಡುಗಿತು, ಚಹದವನ ಕಪ್ಪುಗಳು ಕಿಣಿಕಿಣಿ ಎಂದವು, ಎರಡನೇ ಪ್ಲಾಟ್‌ಫಾರ್ಮಿನಲ್ಲಿ ನಿಂತ ಗೂಡ್ಸ್ ಗಾಡಿ ಅರ್ಧ ಅಡಿ ಹಿಂದಕ್ಕೆ ಸರಿಯಿತು. ಅಷ್ಟರಲ್ಲಿ ನಾಸಿಕದ ಗಾಡಿ ಬಂದು ನಿಂತಿತು. ಕಸ್ತೂರಿಬಾಯಿ ಪೇರಲಹಣ್ಣಿನ ಗಂಟಿನೊಂದಿಗೆ ಹತ್ತಿ, ಬಾಗಿಲಲ್ಲಿ ನಿಂತು, ಬರ್ರಿ ಬರ್ರಿ ಎಂದು ಕೂಗುತ್ತಾ ಕೈ ಬೀಸಿದಳು.

“ಹೋಗ್ಲಿ ಬಿಡು,” ಎಂದ ಗುರುಲಿಂಗಪ್ಪ. “ಇನ್ನೊಂದು ಗಾಡಿ ಅದ. ನಾ ಇನ್ನೂ ಪೂರಾ ನೋಡಿಲ್ಲ.”

ಗಾಡಿ ಕಸ್ತೂರಿಬಾಯಿಯನ್ನೂ ಅವಳ ಕೂಗನ್ನೂ ಹೊತ್ತುಕೊಂಡು ಹೊರಟಿತು. ಸಂಗಮ್ಮ ಬಾಟಲಿಯ ಮುಚ್ಚಳ ತಿರುಗಿಸಿ ಭದ್ರ ಮಾಡಿದಳು, ಮುಖ ಮಾತ್ರ ಆಚೆ ತಿರುಗಿಸಲಿಲ್ಲ.